ವಳ್ಳೆಯಾ ಇರುಕ್ಕು

ಜನವರಿ 20, ಸೋಮವಾರ

ಇವತ್ತೂ ಒಬ್ಬಳು ಕಬ್ಬಿಣ ಬಚ್ಚಿಟ್ಟುಕೊಂಡೇ ಬಂದಳು. ತಾಳಿ ತೆಗೆಸಿದ್ದಾಯಿತು, ಕಾಲುಂಗುರ, ಹೇರ್‌ಪಿನ್ನು, ಮೂಗುತಿ ಎಲ್ಲ ಆಯಿತು. ಇನ್ನೇನಾದ್ರೂ ಇದೆಯಾಮ್ಮ ಅಂತ ತಮಿಳಲ್ಲಿ ಕೇಳಿದೆ, ಕನ್ನಡದಲ್ಲೂ ಕೇಳಿದೆ. ಇಲ್ಲ ಅಂತ ದೇವರಾಣೆ ಹಾಕಿದಳು. ಎಂಆರ್‌ಐ ರೂಮಿನ ಬಾಗಿಲಲ್ಲಿ ಡಿಟೆಕ್ಟರ್ ಕೂಗಿಕೊಂಡಿತು. ನೋಡಿದರೆ ತುರುಬಿನೊಳಗೆ ಒಂದು ಕಬ್ಬಿಣದ ಮೊಳೆ! ಅಯಸ್ಕಾಂತ ತಲೆಬುರುಡೆ ಸಮೇತ ಎಳೆದುಕೊಳ್ಳುತ್ತೆ ಅಂತ ಕೂಗಾಡಿಬಿಟ್ಟೆ. ಅಷ್ಟೆಲ್ಲ ಆಗಲ್ಲ. ಹೆದರಿಸದಿದ್ದರೆ ಯಾರೂ ಕೇಳಲ್ಲ, ಅದಕ್ಕೆ. ಪೆನ್ನಾಗರದ ಕಡೆಯ ಹೆಂಗಸು. "ಕಬ್ಣ ಇಲ್ದೆ ಒಳಕ್ಕೋದ್ರೆ ಗಾಳಿ ತಾಕ್ತದೆ ಕಣಕ್ಕ" ಅಂತ ಅತ್ತಳು. ಮೊಳೆಯನ್ನು ನನ್ನ ಟಿಫಿನ್ ಬಾಕ್ಸಿನ ಮೇಲಿಟ್ಟು ಒಳಗೆ ಕಳಿಸಿದೆ.

ಸೇಲಂನ ಈ ಸ್ಕ್ಯಾನ್ ಸೆಂಟರಿನಲ್ಲಿ ಕನ್ನಡ ಬರುವವಳು ನಾನೊಬ್ಬಳೇ. ಹಾಗಾಗಿ ಧರ್ಮಪುರಿ ಕಡೆಯ ಹಳ್ಳಿಯವರೆಲ್ಲ ನನ್ನ ತಲೆಗೇ. ಧನಶೇಖರ್ ಡಾಕ್ಟರು — ಸ್ಕ್ಯಾನ್ ನೋಡಿ ರಿಪೋರ್ಟ್ ಬರೆಯುವವರು — ನಾಮಕ್ಕಲ್‌ನವರು, ಅವರಿಗೆ ಒಂದಕ್ಷರ ಬರಲ್ಲ. "ವಾಣೀ, ಉಂಗ ಆಳು" ಅಂತ ಕರೀತಾರೆ. ನಿಮ್ಮವರು ಬಂದಿದ್ದಾರೆ ಅಂತ. ಹೌದು, ಎಲ್ಲ ನಮ್ಮವರೇ.

ಇವತ್ತು ನಿಜವಾಗಿ ನಮ್ಮವನೇ ಬಂದಿದ್ದ. ತಮ್ಮ ಅಶ್ವತ್ಥ. ಕಿಡ್ನಿ ಕಸಿ ಆಪರೇಶನ್‌ಗೆ ಮೊದಲು ಎಲ್ಲ ಟೆಸ್ಟು ಆಗಬೇಕಲ್ಲ, ಹೊಟ್ಟೆಯ ಅಲ್ಟ್ರಾಸೌಂಡು. ಕಿಡ್ನಿ ಕೆಟ್ಟಿರುವುದು ಗೊತ್ತಿದ್ದದ್ದೇ. ಲಿವರಿನಲ್ಲಿ ಒಂದು ಗಂಟು ಇದೆ ಅಂದರು. ಏನು ಗಂಟು ಅಂತ ಇದರಲ್ಲಿ ಹೇಳಕ್ಕಾಗಲ್ಲ ಅಂದರು.

ಜನವರಿ 21, ಮಂಗಳವಾರ

ಕೆಲಸದಲ್ಲಿ ಮನಸ್ಸಿಲ್ಲ. ಬೆನ್ನುಮೂಳೆ ಸ್ಕ್ಯಾನಿಗೆ ಬಂದವನನ್ನು ಮೊಣಕಾಲಿಗೆ ಮಲಗಿಸಿದ್ದೆ, ಅವನೇ ಹೇಳಿದ.

ಅಶ್ವತ್ಥನದು ಇವತ್ತು ಡಯಾಲಿಸಿಸ್. ಏರ್ಕಾಡ್ ಘಾಟಿನಲ್ಲಿ ಬಸ್ಸು ಓಡಿಸುತ್ತಿದ್ದ ಕೈ, ಈಗ ಎರಡು ಸೂಜಿ ಚುಚ್ಚಿಸಿಕೊಂಡು ಅಲ್ಲಾಡದೆ ಮಲಗಿರುತ್ತೆ. ವಾರಕ್ಕೆ ಎರಡು ಸಲ, ಮಂಗಳವಾರ ಶುಕ್ರವಾರ. ಅಮ್ಮನ ಕಿಡ್ನಿ ಹೊಂದುತ್ತೆ ಅಂತ ಡಿಸೆಂಬರಿನಲ್ಲೇ ಗೊತ್ತಾಗಿದೆ. ಅವತ್ತಿನಿಂದ ಅಮ್ಮ ಬೇರೆಯೇ ಹೆಂಗಸು. ನಲವತ್ತು ವರ್ಷದ ಎಲೆ ಅಡಿಕೆ ಬಿಟ್ಟಳು. ಉಪ್ಪು ಕಡಿಮೆ ಮಾಡಿದಳು. ನನ್ನ ಮನೆಗೆ ಬಂದಾಗಲೆಲ್ಲ ಬೆಳಿಗ್ಗೆ ಎದ್ದು ಅಮ್ಮಾಪೇಟೆಯ ಬೀದಿಯೆಲ್ಲ ಸುತ್ತಿ ಬರುತ್ತಾಳೆ, ಕಾಲಿಗೆ ನನ್ನ ಮಗಳ ಶೂ. "ವಾಸಿ ಇರೋದ್ನ ಕೊಡ್ಬೇಕಲ್ವೇನೇ, ಮಗನಿಗೆ. ಇನ್ನೊಂದ್ ಸತಿ ಹೆತ್ತಂಗೆ" ಅಂತಾಳೆ.

ಈ ಗಂಟು ಸುಮ್ಮನಿರುವ ಗಂಟಾದರೆ ಮಾರ್ಚಿನಲ್ಲಿ ಕಸಿ. ಕ್ಯಾನ್ಸರ್ ಆದರೆ ಯಾರೂ ಮಾಡಲ್ಲ. ಇಷ್ಟೇ ವಿಷಯ. ಬರೆದರೆ ಒಂದೂವರೆ ಸಾಲು.

ಅಮ್ಮನಿಗೆ ಗಂಟಿನ ಸುದ್ದಿ ಹೇಳಿಲ್ಲ. ಮೊರಪ್ಪೂರಿನ ಹತ್ತಿರ ನಮ್ಮ ಹಳ್ಳಿಯಲ್ಲಿದ್ದಾಳೆ, ಅವರೆಕಾಯಿ ಬಿಡಿಸೋ ಕಾಲ.

ಜನವರಿ 24, ಶುಕ್ರವಾರ. ಸಾಯಂಕಾಲ

ಧನಶೇಖರ್ ಡಾಕ್ಟರ ಜೊತೆ ಮಾತಾಡಿದ್ದಾಯಿತು. ಎಂಆರ್‌ಐ ಮಾಡಬೇಕು. ಎಲ್ಲರಿಗೂ ಕೊಡುವ ಡೈ ಇವನಿಗೆ ಕೊಡಕ್ಕಾಗಲ್ಲ — ಅದು ಹೊರಗೆ ಹೋಗಬೇಕಾದ್ದು ಕಿಡ್ನಿಯಿಂದ, ಕಿಡ್ನಿಯೇ ಇಲ್ಲದವನ ಮೈಯಲ್ಲಿ ಅದು ಉಳಿದುಬಿಟ್ಟರೆ ತೊಂದರೆ. ಅದಕ್ಕೆ ಕಬ್ಬಿಣ. ಕಬ್ಬಿಣದ ನ್ಯಾನೋ ಕಣಗಳು, ರಕ್ತಕ್ಕೆ ಡ್ರಿಪ್ಪಿನಲ್ಲಿ. ರಕ್ತ ಕಡಿಮೆಯಾದ ಕಿಡ್ನಿ ಪೇಷಂಟ್‌ಗಳಿಗೆ ಔಷಧಿ ಅಂತಲೂ ಕೊಡುತ್ತಾರೆ. ನಮ್ಮ ಸೆಂಟರಿನಲ್ಲಿ ಸ್ಕ್ಯಾನಿಗೆ ಅಂತ ಕೊಡುವುದು ಅಪರೂಪ. ನಾನು ಎರಡೇ ಸಲ ನೋಡಿದ್ದೀನಿ.

ಡಯಾಲಿಸಿಸ್ ಮುಗಿಸಿ ಬಂದವನನ್ನು ಕ್ಯಾಂಟೀನಿನಲ್ಲಿ ಕೂರಿಸಿ ಹೇಳಿದೆ. ಹೆಂಡತಿ ಪುಷ್ಪಾನೂ ಇದ್ದಳು.

"ನ್ಯಾನೋನಾ? ಗಟ್ಟದ ಮೇಲೆ ಬಸ್ಸು ಓಡಿಸ್ದೋನ್ಗೆ ನ್ಯಾನೋ ಕಾರಾ ಕೊಡೋದು? ಅಕ್ಕಾ, ಮರ್ಯಾದೆ ಐತಾ ನಿಂಗೆ?"

"ಸುಮ್ಕೆ ಕೇಳ್ಲಾ. ಲಿವರಲ್ಲಿ ಚೆನ್ನಾಗಿರೋ ಜಾಗ ಆ ಕಬ್ಬಿಣಾನ ನುಂಗ್ತದೆ. ಕಬ್ಬಿಣ ಓದ್ ಕಡೆ ಎಲ್ಲ ನಮ್ ಪಿಕ್ಚರಲ್ಲಿ ಕರ್ರಗೆ ಕಾಣ್ತದೆ. ಕೆಟ್ಟ ಗಂಟು ನುಂಗಲ್ಲ. ಬೆಳ್ಳಗೇ ಉಳೀತದೆ."

"ಅಂಗಾರೆ ಕರಿ ವಳ್ಳೇದು, ಬಿಳಿ ಕೆಟ್ಟದ್ದು."

"ಊಂ."

"ನಮ್ ಬಣ್ಣಕ್ಕೆ ಒಂದ್ ಕಡೆನಾದ್ರೂ ಬೆಲೆ ಬಂತಲ್ಲ" ಅಂದ. ಪುಷ್ಪಾ ನಗಲಿಲ್ಲ. ನಾನು ನಕ್ಕೆ, ಅವನಿಗೋಸ್ಕರ.

ಅಮ್ಮನಿಗೆ ಇಷ್ಟೆಲ್ಲ ಬೇಡ ಅಂತ ಮೂವರೂ ಒಪ್ಪಿಕೊಂಡೆವು. ಕಬ್ಬಿಣದ ಮದ್ದು ಹಾಕಿ ಒಂದು ಫೋಟೋ ತೆಗೀತಾರೆ, ಎಲ್ಲ ಸರಿಯಿದ್ದರೆ ಆಪರೇಶನ್ ಅಂತ ಹೇಳುವುದು.

ಜನವರಿ 30, ಗುರುವಾರ

ಡ್ರಿಪ್ ಆಯಿತು. ತುಂಬ ನಿಧಾನಕ್ಕೆ ಬಿಟ್ಟರು, ಅಲರ್ಜಿ ಆಗಬಾರದಲ್ಲ. ಕಷಾಯದ ಬಣ್ಣದ ನೀರು ಅವನ ಕೈಯೊಳಗೆ ಇಳಿಯುವುದನ್ನು ನೋಡುತ್ತಾ ಕೂತಿದ್ದೆ. ನನ್ನದು ರಜ ಹಾಕಿದ ದಿನ, ಆದರೂ ಯೂನಿಫಾರ್ಮ್ ಹಾಕಿಕೊಂಡು ಹೋಗಿದ್ದೆ. ಅದಿಲ್ಲದಿದ್ದರೆ ನಾನೂ ಬರೀ ಪೇಷಂಟಿನ ಕಡೆಯವಳು ಆಗಿಬಿಡ್ತೀನಿ ಅಂತ ಹೆದರಿಕೆ.

ಅಮ್ಮ ಊರಿಂದ ಬಂದಿದ್ದಾಳೆ. ಅವಳಿಗೆ ಸಂತೋಷವೋ ಸಂತೋಷ. ಅವನ ಮಂಚದ ಕೆಳಗೆ ಒಂದು ವರ್ಷದಿಂದ ಕುಡುಗೋಲು ಇಟ್ಟವಳು ಅವಳು. ಸ್ಕ್ಯಾನಿಗೆ ಉಡಿದಾರದ ತಾಯಿತ ತೆಗೆಯಬೇಕು ಅಂದಾಗೆಲ್ಲ ನನ್ನ ಮೇಲೆ ಹರಿಹಾಯುತ್ತಿದ್ದಳು. ಇವತ್ತು ಬಾಟಲಿಯನ್ನೇ ದೇವರ ಹಾಗೆ ನೋಡಿದಳು.

"ಮೇಲ್ ಕಟ್ಕೊಂಡ್ರೆ ನೀವೇ ಬಿಚ್ಚಸ್ತೀರ. ಒಳಗೇ ಓಯ್ತಲ್ಲ, ಇನ್ ಯಾರು ಬಿಚ್ಚಸ್ತಾರೆ ನೋಡಾನ. ಯಾವ್ ಗಾಳಿನೂ ಇವನ್ ತಾವ ಸುಳಿಯಾಕಿಲ್ಲ."

ಪಕ್ಕದ ಬೆಡ್ಡಿನ ತಮಿಳು ಹೆಂಗಸಿಗೆ ನಮ್ಮ ಮನೆಯ ಇಡ್ಲಿ ಕೊಟ್ಟು, ತಿಂದು ನೋಡಿ ಅಂತ ಅಮ್ಮ, "ವಳ್ಳೆಯಾ ಇರುಕ್ಕು" ಅಂದಳು. ಅಮ್ಮನ ತಮಿಳು ಇದು. ತಮಿಳಿನವರು ನಲ್ಲಾ ಇರುಕ್ಕು ಅಂತಾರೆ, ಚೆನ್ನಾಗಿದೆ ಅಂತ. ಅಮ್ಮನಿಗೆ ಒಳ್ಳೇದು ಅನ್ನೋ ಮಾತು ಮಾತ್ರ ಕನ್ನಡದ್ದೇ ಬೇಕು. ಅದಕ್ಕೊಂದು ಇರುಕ್ಕು ಸೇರಿಸಿಬಿಟ್ಟರೆ ತಮಿಳಾಯಿತು. ಆ ಹೆಂಗಸು ಏನರ್ಥ ಮಾಡಿಕೊಂಡಳೋ, ಇಡ್ಲಿಯ ಬಣ್ಣ ನೋಡಿ ತಲೆ ಆಡಿಸಿದಳು.

ಶನಿವಾರ ಸ್ಕ್ಯಾನ್. ಕಬ್ಬಿಣ ಲಿವರಿಗೆ ಸೇರಲು ಎರಡು ದಿನ ಬೇಕು.

ಫೆಬ್ರವರಿ 1, ಶನಿವಾರ. ಮಧ್ಯಾಹ್ನ ಮೂರು ಗಂಟೆ, ಸೆಂಟರಿನಲ್ಲಿ

ನಾನೇ ಮಾಡಿದೆ. ಬೇರೆಯವರಿಗೆ ಬಿಡಲು ಮನಸ್ಸಾಗಲಿಲ್ಲ. ಉಸಿರು ಹಿಡಿ, ಬಿಡು, ಹಿಡಿ — ಮೈಕಿನಲ್ಲಿ ಹೇಳುತ್ತಾ ಹೇಳುತ್ತಾ ನಾನೂ ಹಿಡಿದುಕೊಂಡೇ ಇದ್ದೆ.

ಮೊದಲ ಪಿಕ್ಚರು ಬಂತು. ಲಿವರ್ ಪೂರ್ತಿ ಕರ್ರಗಾಗಿದೆ. ಎಷ್ಟು ಚೆನ್ನಾಗಿ ನುಂಗಿದೆ, ಪಾಪ, ಕೊಟ್ಟದ್ದನ್ನೆಲ್ಲ ನುಂಗಿದೆ. ಬಲಗಡೆ ಒಂದು ಕಡೆ ಮಾತ್ರ ಬಿಳಿ. ಕಾದ ಹೆಂಚಿನ ಮೇಲೆ ಬಿದ್ದ ದೋಸೆಹಿಟ್ಟಿನ ತೊಟ್ಟಿನ ಹಾಗೆ. ಬೇರೆ ಆಂಗಲ್‌ನಲ್ಲಿ ತೆಗೆದೆ. ಬಿಳಿ. ಮತ್ತೊಂದು ತೆಗೆದೆ.

ಡಾಕ್ಟರು ಬಂದು ಹಿಂದೆ ನಿಂತರು. ತುಂಬ ಹೊತ್ತು ನೋಡಿದರು. ನನ್ನ ಹೆಗಲ ಮೇಲೆ ಕೈಯಿಟ್ಟು ಮೆತ್ತಗೆ, "ವೆಳ್ಳೆಯಾ ಇರುಕ್ಕು, ವಾಣೀ" ಅಂದರು.

ಬೆಳ್ಳಗೆ ಇದೆ ಅಂತ.

ಬಾಗಿಲು ಸರಿಯಾಗಿ ಹಾಕಿರಲಿಲ್ಲ. ನನ್ನದೇ ತಪ್ಪು, ನಾನೇ ಹಾಕಬೇಕಿತ್ತು. ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಅವಳಿಗೆ ಎಡಗಿವಿ ಮಂದ. ಎರಡೂ ಕೈ ಮೇಲೆತ್ತಿ ಮುಗಿದಳು.

"ವಳ್ಳೆಯಾ ಇರುಕ್ಕಾ ಸಾಮೀ? ವಳ್ಳೆಯಾ ಇರುಕ್ಕಾ? ಅಯ್ಯೋ ನಮ್ಮೋರಾ ನೀವು! ನಮ್ ಮಾತು ಆಡ್ತೀರಲ್ಲಪ್ಪ!"

ಡಾಕ್ಟರಿಗೆ ಏನೂ ತಿಳಿಯಲಿಲ್ಲ. ಕೈ ಮುಗಿದವರಿಗೆ ಕೈ ಮುಗಿದರು. ಅಷ್ಟೇ ಅವರು ಮಾಡಿದ್ದು. ಆಮೇಲೆ ಫೋನ್ ಬಂತು ಅಂತ ಹೊರಗೆ ಹೋದರು.

ಹೇಳಬೇಕಿತ್ತು. ಆಗಲೇ, ಅಲ್ಲೇ. ಅಮ್ಮ, ಅವರು ಹೇಳಿದ್ದು ಅದಲ್ಲ. ನಾಲ್ಕು ಪದ. ದಿನಕ್ಕೆ ಹತ್ತು ಜನಕ್ಕೆ ಕನ್ನಡದಿಂದ ತಮಿಳಿಗೆ, ತಮಿಳಿಂದ ಕನ್ನಡಕ್ಕೆ ಮಾತು ದಾಟಿಸುವವಳು ನಾನು. ನನ್ನ ಅಮ್ಮನಿಗೆ ಒಂದು ಪದ ದಾಟಿಸಲು ಬಾಯಿ ಬರಲಿಲ್ಲ.

ಅಶ್ವತ್ಥ ಬಟ್ಟೆ ಹಾಕಿಕೊಂಡು ಬಂದ. "ಬಣ್ಣ ಏನಕ್ಕಾ?" ಅಂದ.

ನನಗಿಂತ ಮೊದಲು ಅಮ್ಮನೇ, "ವಳ್ಳೇದಂತೆ ಕಣ್ಲಾ! ಡಾಕ್ಟ್ರು ಅವರ ಬಾಯಾರೆ ಅಂದ್ರು!"

ಅವನು ನನ್ನ ಕಡೆ ನೋಡಿದ. ಅವನ ತಾಯಿತ, ವಾಚು, ಉಂಗುರ ಎಲ್ಲ ಟ್ರೇಯಲ್ಲಿತ್ತು. ನಾನು ತಲೆ ಬಗ್ಗಿಸಿ ಒಂದೊಂದಾಗಿ ಎತ್ತಿಕೊಡುತ್ತಾ ಹೋದೆ.

ಫೆಬ್ರವರಿ 2, ಭಾನುವಾರ

ಅಮ್ಮ ಊರಿಗೆಲ್ಲ ಫೋನ್ ಮಾಡಿದ್ದಾಳೆ. ಚಿಕ್ಕಮುನಿಯಪ್ಪ ಮಾವನಿಗೆ, ಕೆಳಗಿನ ಮನೆಯವರಿಗೆ, ಯಾರ್ಯಾರಿಗೋ. ಎಲ್ಲರಿಗೂ ಒಂದೇ ಕತೆ: ಮಗನಿಗೆ ಏನೂ ಇಲ್ಲ, ಮುಂದಿನ ತಿಂಗಳು ಆಪರೇಶನ್, ಅಲ್ಲದೆ ಡಾಕ್ಟರು ನಮ್ಮೋರೇ. ಡಾಕ್ಟರು ನಮ್ಮವರು ಅನ್ನುವುದೇ ಅವಳಿಗೆ ಹೆಚ್ಚು ಖುಷಿ ಅಂತ ಕಾಣುತ್ತೆ. "ಅದ್ಕೇ ಕಣೇ ಸರಿಯಾಗಿ ನೋಡಿದ್ರು."

ಮೆಟ್ಟೂರಿನಿಂದ ನನ್ನ ಗಂಡ ಮಾದೇಶ್ ಬಂದಿದ್ದರು, ಅಲ್ಲಿನ ಥರ್ಮಲ್ ಪವರ್ ಸ್ಟೇಶನ್ನಿನಲ್ಲಿ ಇವತ್ತು ವೀಕ್ಲಿ ಆಫ್. ಅಡುಗೆಮನೆಯಲ್ಲಿ ನಿಜ ಹೇಳಿದೆ. ಗಂಡಸಿಗೆ ಎಲ್ಲ ಸುಲಭ. "ಈಗ್ಲೇ ಓಗಿ ಹೇಳು, ಲೇಟಾದಷ್ಟೂ ಕಷ್ಟ" ಅಂದರು. ಬಯಾಪ್ಸಿ ಇದೆ, ಸೂಜಿ ಹಾಕಿ ತೆಗೆದು ನೋಡಿದ ಮೇಲೇ ಖಾತ್ರಿ, ಅಲ್ಲಿವರೆಗೆ ಯಾಕೆ ಅವಳ ನಿದ್ದೆ ಕೆಡಿಸಲಿ ಅಂದೆ. "ಯಾರ ನಿದ್ದೆ?" ಅಂದರು. ಸಿಟ್ಟು ಬಂತು. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಅಮ್ಮ ಅದನ್ನು ಮುಟ್ಟಲಿಲ್ಲ. ಕಿಡ್ನಿಗೆ ಆಗಲ್ಲ ಅಂತ.

ಈ ಡೈರಿ ಬರೆಯುವುದನ್ನು ಮಾದೇಶ್ ನೋಡುತ್ತಾರೆ, ಓದಕ್ಕಾಗಲ್ಲ. ಕನ್ನಡ ಮಾತು ಬರುತ್ತೆ, ಅಕ್ಷರ ಬರಲ್ಲ. ಮಗಳು ಚಂದ್ರಿಕಾಗೆ ಎರಡೂ ಬೇಡ. ಅಜ್ಜ ಚಿನ್ನಪ್ಪ ಕಣದ ಮಣ್ಣಿನಲ್ಲಿ ಬೆರಳು ಹಿಡಿದು ತಿದ್ದಿಸಿದ ಅಕ್ಷರ, ಕೊನೆಗೆ ಗುಟ್ಟು ಬಚ್ಚಿಡಲು ಉಪಯೋಗಕ್ಕೆ ಬಂತು.

ಫೆಬ್ರವರಿ 4, ಮಂಗಳವಾರ

ಡಯಾಲಿಸಿಸ್‌ಗೆ ನಾನೇ ಜೊತೆ ಹೋದೆ. ಮೆಷಿನ್ ಓಡುತ್ತಿತ್ತು. ಕಣ್ಣು ಮುಚ್ಚಿಕೊಂಡೇ ಅಂದ, "ಆ ಡಾಕ್ಟ್ರಿಗೆ ಕನ್ನಡ ಎಲ್ಲಿ ಬತ್ತದೆ ಅಕ್ಕಾ."

ಅವನ ಹೊದಿಕೆ ಸರಿಮಾಡಿದೆ.

"ವೆಳ್ಳೆ ಅಂದಿರ್ತಾರೆ. ಅಮ್ಮ ವಳ್ಳೆ ಅಂತ ಕೇಳಿಸ್ಕೊಂಡಿರ್ತಾಳೆ. ಅಲ್ವಾ? ಮುನಿವೆಂಕಟಮ್ಮಜ್ಜಿ ಸೀರೆ ಕತೆ."

ಅಜ್ಜಿಯ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಸೇಲಂನಲ್ಲಿ ಹೊಸದಾಗಿ ಬಾಡಿಗೆಗಿದ್ದಾಗ ಪಕ್ಕದ ತಮಿಳರ ಮನೆಯಲ್ಲಿ ಒಬ್ಬಳು ಮುದುಕಿ ಸತ್ತಳಂತೆ. ಹೆಣಕ್ಕೆ ಹೊದಿಸಲು ಅರ್ಜೆಂಟಾಗಿ ಒಂದು ವೆಳ್ಳೆ ಪೊಡವೆ ಕೊಡಿ, ಬಿಳಿ ಸೀರೆ ಕೊಡಿ ಅಂತ ಬಂದು ಕೇಳಿದರಂತೆ. ಅಜ್ಜಿ, ಸತ್ತವರ ಮನೆಯವರು ಒಳ್ಳೆ ಸೀರೆ ಕೇಳುತ್ತಿದ್ದಾರೆ, ಇಲ್ಲ ಅನ್ನಬಾರದು ಅಂತ ಪೆಟ್ಟಿಗೆ ತೆಗೆದು ಧಾರೆಸೀರೆಯನ್ನೇ ಕೊಟ್ಟಳು. ರೇಷ್ಮೆ ಹೊದ್ದುಕೊಂಡು ಮುದುಕಿ ಸುಡುಗಾಡಿಗೆ ಹೋದಳು. ಅಜ್ಜಿ ಬದುಕಿದ್ದಷ್ಟು ದಿನ ಆ ಸೀರೆಗೆ ಅತ್ತಳು.

ನೆನೆಸಿಕೊಂಡು ಇಬ್ಬರೂ ನಕ್ಕೆವು. ನಗು ತಡೆಯಲಾಗದೆ ಅವನ ಕೈ ಅಲ್ಲಾಡಿ ಮೆಷಿನ್ ಅಲಾರಂ ಹೊಡೆಯಿತು, ನರ್ಸು ಬೈದಳು. ಆಮೇಲೆ ಅವನು ಗೋಡೆ ಕಡೆ ತಿರುಗಿದ. ಭುಜ ಅಲ್ಲಾಡುತ್ತಿತ್ತು. ಇನ್ನೂ ನಗುತ್ತಿದ್ದಾನೆ ಅಂದುಕೊಂಡೆ, ಒಂದು ಕ್ಷಣ.

"ಬಯಾಪ್ಸಿ ಬರ್ಲಿ. ಅಲ್ಲೀಗಂಟ ಅಮ್ಮಂಗೆ ಹೇಳ್ಬೇಡ" ಅಂದ.

ಸರಿ ಅಂದೆ. ಈಗ ನನ್ನದೊಬ್ಬಳದೇ ಅಲ್ಲ ಈ ಸುಳ್ಳು. ಅಷ್ಟರಮಟ್ಟಿಗೆ ಹಗುರ ಆಯಿತು ಅಂತ ಬರೆಯಲು ನಾಚಿಕೆಯಾಗುತ್ತೆ, ಆದರೆ ಆಯಿತು.

ಫೆಬ್ರವರಿ 12, ಬುಧವಾರ

ಬಯಾಪ್ಸಿ ಮಾಡಿದರು. ಅಮ್ಮನಿಗೆ, ಆಪರೇಶನ್‌ಗೆ ಮೊದಲಿನ ಇನ್ನೊಂದು ಟೆಸ್ಟು ಅಂತ ಹೇಳಿದ್ದು. "ಎಷ್ಟ್ ಟೆಸ್ಟು ಮಾಡ್ತೀರೇ, ಆ ಡಾಕ್ಟ್ರು ವಳ್ಳೆ ಅಂದ್ಮೇಲೂ" ಅಂದಳು. ವಾರ ಆಗುತ್ತೆ ರಿಪೋರ್ಟಿಗೆ.

ಬೆಳಿಗ್ಗೆ ಒಂದು ಲಿವರ್ ಸ್ಕ್ಯಾನ್ ಇತ್ತು, ಯಾರದೋ. ಕೂಡಲೇ ಕಣ್ಣು ಬಿಳಿ ಹುಡುಕಿತು. ಅವರದರಲ್ಲಿ ಏನೂ ಇರಲಿಲ್ಲ. ಯಾಕೋ ಅವರ ಮೇಲೆ ಕೋಪ ಬಂತು.

ಫೆಬ್ರವರಿ 13, ಗುರುವಾರ

ಅಮ್ಮ ಆಸ್ಪತ್ರೆಗೆ ಬ್ಯಾಗು ಕಟ್ಟಿಟ್ಟಿದ್ದಾಳೆ. ಎರಡು ಸೀರೆ, ಟವೆಲ್, ಸ್ಟೀಲ್ ಲೋಟ, ಅವನಿಗೊಂದು ಹೊಸ ಲುಂಗಿ. ಜಿಪ್ ಹಾಕುತ್ತಾಳೆ, ತೆಗೆಯುತ್ತಾಳೆ, ಮತ್ತೇನೋ ತುರುಕುತ್ತಾಳೆ. ನೋಡಕ್ಕಾಗದೆ ಬಟ್ಟೆ ಒಗೆಯಲು ಮಹಡಿಗೆ ಹೋದೆ, ಒಗೆದ ಬಟ್ಟೆಯನ್ನೇ.

ಫೆಬ್ರವರಿ 19, ಬುಧವಾರ

ಬಂತು. ಬಿಳಿ ಬಿಳಿಯೇ.

ಕಿಡ್ನಿ ಡಾಕ್ಟರು ಅಶ್ವತ್ಥನನ್ನೂ ನನ್ನನ್ನೂ ಕೂರಿಸಿಕೊಂಡು ಹೇಳಿದರು. ಕಸಿ ಆಗಲ್ಲ. ಕಸಿ ಮಾಡಿದರೆ ಕೊಡಬೇಕಾದ ಮಾತ್ರೆಗಳು ಮೈಯ ಕಾವಲನ್ನೇ ಕಡಿಮೆ ಮಾಡುತ್ತವೆ, ಕ್ಯಾನ್ಸರಿಗೆ ಬಾಗಿಲು ತೆರೆದಂತಾಗುತ್ತೆ. ಲಿವರಿಗೆ ಏನು ಮಾಡಬಹುದು ಅಂತ ಚೆನ್ನೈನಲ್ಲಿ ಕೇಳಬೇಕು. ಅದೂ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾ...

ಅಶ್ವತ್ಥ ಕೇಳಿದ್ದು ಒಂದೇ. "ಅಮ್ಮನ್ ಕಿಡ್ನಿ ತಗಳಲ್ಲ, ಅಷ್ಟೇ ಅಲ್ವಾ ಸಾರ್? ಅವಳ್ದು ಅವಳ್ಗೇ ಉಳೀತದೆ?" ತಮಿಳಲ್ಲಿ ಕೇಳಿದ. ಹೌದಪ್ಪ ಅಂದರು.

ಫೆಬ್ರವರಿ 20, ಗುರುವಾರ

ಏರ್ಕಾಡಿಗೆ ಹೋಗಿ ಬರೋಣ ಅಂದ ಅಶ್ವತ್ಥ. ಏನಿದೆ ಅಲ್ಲಿ ಅಂದೆ. ಏನೂ ಇಲ್ಲ, ಬಸ್ಸಲ್ಲಿ ಓಗ್ಬೇಕು ಅಂದ.

ಅವನ ಹಳೇ ರೂಟು. ಡ್ರೈವರು ಗೊತ್ತಿದ್ದವನೇ, ಮುಂದಿನ ಸೀಟು ಕೊಟ್ಟ. ಪ್ರತಿ ತಿರುವಿಗೂ ಅವನ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು, ಅಲ್ಲಿ ಬ್ರೇಕ್ ಇರುವ ಹಾಗೆ. ಮೇಲೆ ಕಾಫಿ ತೋಟದ ಹತ್ತಿರ ತಂಪು ಗಾಳಿ ಬಂತು. ನನಗೆ ತಲೆ ಸುತ್ತಿ ವಾಂತಿ ಬರುವಂತಾಯಿತು. ಅವನೇ ನನಗೆ ನಿಂಬೆಹಣ್ಣು ಮೂಸಲು ಕೊಟ್ಟ. ಯಾರು ಪೇಷಂಟು!

ಕೆರೆಯ ಹತ್ತಿರ ಕೂತು ಟೀ ಕುಡಿದೆವು. ಅವನಿಗೆ ಅರ್ಧ ಲೋಟ, ನೀರಿನ ಲೆಕ್ಕ ಇದೆಯಲ್ಲ.

"ನಿಮ್ ಕಬ್ಣ ಇನ್ನೂ ಒಳಗೈತಾ ಅಕ್ಕಾ?"

"ಇರ್ತದೆ. ಕೆಲವು ತಿಂಗಳು."

"ಅಮ್ಮಂಗೆ ಅದ್ನೂ ಹೇಳು. ಗಾಳಿ ಗೀಳಿ ಏನೂ ತಾಕಲ್ಲ ಅಂತ."

ಆಮೇಲೆ, "ನೀನೇ ಹೇಳ್ಬೇಕು. ನಾನ್ ಹೇಳಿದ್ರೆ ಅವ್ಳು ಅಳಲ್ಲ, ನಂಗೇ ಸಮಾಧಾನ ಮಾಡ್ತಾಳೆ. ನಂಗದು ಆಗಾಕಿಲ್ಲ."

ಭಾನುವಾರ ಹೇಳ್ತೀನಿ ಅಂದೆ. ಮಾದೇಶ್ ಇರುತ್ತಾರೆ.

"ಬಾನುವಾರ" ಅಂದ ಅವನೂ. ಇಳಿಯುವಾಗ ನಿದ್ದೆ ಮಾಡಿಬಿಟ್ಟ, ತಲೆ ನನ್ನ ಭುಜದ ಮೇಲೆ. ಕಾಲು ಮಾತ್ರ ತಿರುವು ತಿರುವಿಗೂ ಒತ್ತುತ್ತಲೇ ಇತ್ತು.

ಫೆಬ್ರವರಿ 22, ಶನಿವಾರ. ಮಧ್ಯಾಹ್ನ

ಇವತ್ತು ನನಗೆ ಆಫ್. ಎದ್ದಾಗ ಅಮ್ಮ ಇಲ್ಲ. ವಾಕಿಂಗ್ ಹೋಗಿದ್ದಾಳೆ ಅಂದುಕೊಂಡೆ. ಶೂ ಇಲ್ಲೇ ಇತ್ತು. ಮೊನ್ನೆ ಊರಿಂದ ತರಿಸಿದ್ದ ಅವರೆಕಾಯಿ ಚೀಲ ಇಲ್ಲ. ಒಂದು ಒಳ್ಳೆ ಸೀರೆಯೂ ಇಲ್ಲ, ಆಸ್ಪತ್ರೆಗೆ ಕಟ್ಟಿಟ್ಟ ಬ್ಯಾಗಿನಿಂದ ತೆಗೆದು ಉಟ್ಟುಕೊಂಡು ಹೋಗಿದ್ದಾಳೆ. ಫೋನ್ ಟಿವಿ ಮೇಲೇ ಇದೆ. ಕೂಡಲೇ ಗೊತ್ತಾಯಿತು ಎಲ್ಲಿಗೆ ಅಂತ. ಹೋದ ವಾರದಿಂದ ಅಂತಿದ್ದಳು, ನಮ್ ಡಾಕ್ಟ್ರಿಗೆ ಒಂದಿಷ್ಟು ಅವರೆಕಾಯಿ ಕೊಡ್ಬೇಕು, ಸೇಲಂನಾಗೆ ನಮ್ ಕಡೆ ಅವರೆ ಎಲ್ಲಿ ಸಿಕ್ತದೆ ಪಾಪ ಅಂತ. ನಾನು ಊಂ ಊಂ ಅಂದುಕೊಂಡು ತಳ್ಳುತ್ತಿದ್ದೆ.

ಸೆಂಟರಿಗೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಆಟೋ ಹಿಡಿಯಲು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಬಂದಳು. ಬಿಸಿಲಿಗೆ ಮುಖ ಕಂದಿದೆ. ಕೈಯಲ್ಲಿ ಚೀಲ ಇಲ್ಲ.

ಜಗಲಿ ಮೇಲೆ ಕೂತಳು. ನೀರು ಕೊಟ್ಟೆ. ಕುಡಿಯಲಿಲ್ಲ, ಲೋಟ ಹಿಡಿದುಕೊಂಡೇ ಇದ್ದಳು.

"ವಾಣೀ, ಆ ಡಾಕ್ಟ್ರಿಗೆ ಕನ್ನಡ ಬರಾಕಿಲ್ಲ ಕಣೇ."

ಹಾಕಿಕೊಂಡಿದ್ದ ಚಪ್ಪಲಿ ಬಿಟ್ಟೆ.

"ಅಷ್ಟೊತ್ತು ಮಾತಾಡ್ದೆ. ನಿಮ್ದು ಯಾವೂರು, ಯಾರ್ ಪೈಕಿ, ನಿಮ್ ತಾಯಿ ಅವ್ರಾ, ಅವರೆಕಾಳು ಇಂಗೆ ಇದುಕ್ಸಿ ಸಾರು ಮಾಡಿಸ್ಕಳಿ ಅಂತ. ಎಲ್ಲ ಕೇಳಿಸ್ಕೊಂಡು, ಎನ್ನ ಸೊಲ್ರೀಂಗ ಮ್ಮಾ, ಎನಕ್ಕು ಕನ್ನಡಂ ತೆರಿಯಾದು ಅಂದ್ರು."

"ಚೀಲ?"

"ತಗಂಡ್ರು. ಎರಡು ಕೈನಾಗೂ ತಗಂಡ್ರು. ಅಂಗೇ ನನ್ ಮಖ ನೋಡ್ತಾ ನಿಂತ್ರು ಕಣೇ. ಸಾವಿನ ಮನೇಗೆ ಬಂದೋರು ನಿಂತ್ಕತಾರಲ್ಲ, ಅಂಗೆ." ಲೋಟ ಕೆಳಗಿಟ್ಟಳು. "ಅಂಗಾರೆ ಅವತ್ತು ಅವರು ಅಂದಿದ್ದೇನು?"

ಇನ್ನು ತಪ್ಪಿಸಿಕೊಳ್ಳಲು ಜಾಗ ಇರಲಿಲ್ಲ. ನಾಳೆ ಭಾನುವಾರ, ಮಾದೇಶ್ ಬರಲಿ ಅನ್ನಲೂ ಆಗಲಿಲ್ಲ.

"ವೆಳ್ಳೆ ಅಂದ್ರು ಅಮ್ಮ. ವಳ್ಳೆ ಅಲ್ಲ. ಬೆಳ್ಳಗೈತೆ ಅಂದ್ರು. ಫೋಟೋದಾಗೆ ಒಂದ್ ಕಡೆ ಬೆಳ್ಳಗೈತೆ ಅಂತ."

ಹೇಳಿಬಿಟ್ಟೆ ಅಂದುಕೊಂಡೆ. ಅಳುತ್ತಾಳೆ, ನನಗೆ ಹೊಡೆಯುತ್ತಾಳೆ, ಏನಾದರೂ ಮಾಡಲಿ ಅಂತ ಕಾದೆ. ಅಮ್ಮನ ಮುಖ ನಿಧಾನಕ್ಕೆ ಅರಳಿತು. ನಿಟ್ಟುಸಿರು ಬಿಟ್ಟು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಅಷ್ಟೇನಾ? ಬೆಳ್ಳಗಿದ್ರೆ ವಳ್ಳೇದೇ ಅಲ್ವೇನೇ?"

ಒಲೆ ಮೇಲೆ ಹಾಲಿದೆ ಅಂತ ಸುಳ್ಳು ಹೇಳಿ ಒಳಗೆ ಬಂದಿದ್ದೀನಿ. ರೂಮಿನ ಬಾಗಿಲು ಹಾಕಿಕೊಂಡು ಇದನ್ನು ಬರೆಯುತ್ತಿದ್ದೀನಿ. ಹೊರಗೆ ಜಿಪ್ಪಿನ ಸದ್ದು. ಉಟ್ಟ ಸೀರೆ ಬಿಚ್ಚಿ ಮತ್ತೆ ಆ ಬ್ಯಾಗಿಗೆ ಮಡಿಸಿಡುತ್ತಿದ್ದಾಳೆ.

ಕರೀತಿದ್ದಾಳೆ. ಹಾಲು ಉಕ್ಕಿತೇನೇ ಅಂತ. ಬಂದೆ ಅಮ್ಮ. ಹೇಳ್ತೀನಿ. ಬಿಳಿ ಅಂದ್ರೆ...